ಚಿಕ್ಕಮಗಳೂರಿನ ಘಾಟಿ ರಸ್ತೆಯಲ್ಲಿ ಬಿಎಂಡಬ್ಲ್ಯೂ ಎಂ340ಐ: ಟೈರು, ಬ್ರೇಕು, ಬೂಸ್ಟು ಮತ್ತು ಇಲಿ ಕಾಟ

ಎಂ340ಐ ತಗೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ಪವರ್ ಎಷ್ಟು ಹೆಚ್ಚಿಸಬಹುದು? ಮಲೆನಾಡಿನಲ್ಲಿ ಈ ಕಾರು ಇಟ್ಟುಕೊಂಡಿರುವ ನನ್ನ ಉತ್ತರ ಬೇರೆ. ಕೈಯಲ್ಲಿ ದುಡ್ಡಿದ್ದರೆ ಮೊದಲು ಟೈರಿಗೆ ಹಾಕಿ. ಆಮೇಲೆ ಬ್ರೇಕಿಗೆ. ಆಮೇಲೆ ಕಾರಿನ ದೋಷಗಳನ್ನು ಓದುವ ಒಂದು ಒಳ್ಳೆಯ ಸ್ಕ್ಯಾನರ್ ತಗೊಳ್ಳಿ. ಇನ್ನೂ ಉಳಿದರೆ ಪವರ್ ಬಗ್ಗೆ ಯೋಚನೆ ಮಾಡಿ.

ನಮ್ಮ ತೋಟ ಆಲ್ದೂರಿನ ಕಡೆ. ಗಾಡಿ 2021ರ ಮಾಡೆಲ್, ಬೆಂಗಳೂರಿನ ಮೊದಲ ಮಾಲೀಕರಿಂದ ಕೊಂಡಿದ್ದು. ಈಗ ವಾರಂಟಿ ಮುಗಿದಿದೆ. ಮೂಡಿಗೆರೆ, ಹಾಸನ, ಮಂಗಳೂರು, ಬೆಂಗಳೂರು ಎಲ್ಲದಕ್ಕೂ ಇದೇ ಕಾರು. ಶೋಕಿಗೆ ಭಾನುವಾರ ಮಾತ್ರ ತೆಗೆಯುವ ಗಾಡಿ ಅಲ್ಲ. ಹಾಗಾಗಿ ಇದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಮಳೆಗಾಲ ಸಮೇತ ನೋಡಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದು ಜಿ20 ಪೀಳಿಗೆಯ 3 ಸೀರೀಸ್. 2021ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಎಕ್ಸ್ ಶೋರೂಮ್ ಬೆಲೆ 62.9 ಲಕ್ಷ ಇತ್ತು. ಚೆನ್ನೈ ಕಾರ್ಖಾನೆಯಲ್ಲಿ ಜೋಡಿಸುತ್ತಾರೆ. ಬಿ58 ಎಂಬ 2,998 ಸಿಸಿಯ ಸಾಲು ಆರು ಸಿಲಿಂಡರ್ ಎಂಜಿನ್, ಒಂದು ಟ್ವಿನ್ ಸ್ಕ್ರೋಲ್ ಟರ್ಬೊ, 387 ಎಚ್‌ಪಿ, 500 ಎನ್‌ಎಂ ಟಾರ್ಕ್. ಜೊತೆಗೆ ಝಡ್‌ಎಫ್‌ನ ಎಂಟು ಗೇರಿನ ಆಟೊಮ್ಯಾಟಿಕ್ ಮತ್ತು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಎಕ್ಸ್‌ಡ್ರೈವ್. ಕಂಪನಿ ಲೆಕ್ಕದಲ್ಲಿ ಸೊನ್ನೆಯಿಂದ ನೂರಕ್ಕೆ 4.4 ಸೆಕೆಂಡು.

ಈ ಎಂಜಿನ್ ಬಗ್ಗೆ ನಾನು ಎಷ್ಟು ಹೊಗಳಿದರೂ ಕಮ್ಮಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ವಾಪಸ್ ಹತ್ತುವಾಗ, ಲಾರಿ ಹಿಂದೆ ಸಿಕ್ಕಿಕೊಂಡು, ಚಿಕ್ಕ ನೇರ ರಸ್ತೆ ಸಿಕ್ಕ ಕೂಡಲೇ ಕಾಲಿಟ್ಟರೆ ಸಾಕು. ಗೇರು ಎರಡು ಇಳಿದು, ಓವರ್‌ಟೇಕ್ ಮುಗಿದು, ಮತ್ತೆ ಸಾಲಿಗೆ ಬಂದಿರುತ್ತೇವೆ. ಎದುರು ಬದಿಯಲ್ಲಿ ಇರುವ ಸಮಯ ಎಷ್ಟು ಕಮ್ಮಿಯೋ ಅಷ್ಟು ಕ್ಷೇಮ ಅಲ್ವಾ. ನನ್ನ ಮಟ್ಟಿಗೆ ಇದರ ಪವರ್‌ನ ನಿಜವಾದ ಉಪಯೋಗ ಇದು. ಮೈಲೇಜ್ ಘಾಟಿಯಲ್ಲಿ ಲೀಟರಿಗೆ ಎಂಟರ ಆಸುಪಾಸು, ಎನ್‌ಎಚ್ 75ರಲ್ಲಿ ಸಮಾಧಾನವಾಗಿ ಹೋದರೆ ಹದಿಮೂರರವರೆಗೂ ಬರುತ್ತದೆ.

ಈಗ ಟೈರಿನ ವಿಷಯ. ಗಾಡಿ ಜೊತೆ ಬಂದದ್ದು ರನ್‌ಫ್ಲ್ಯಾಟ್. ಇದರ ಪಕ್ಕದ ಗೋಡೆ ಗಟ್ಟಿ. ಪಂಕ್ಚರ್ ಆದರೂ ಗಂಟೆಗೆ 80ರ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡಬಹುದು. ರಾತ್ರಿ ಘಾಟಿ ಮಧ್ಯೆ ನಿಂತು ಚಕ್ರ ಬಿಚ್ಚುವ ಕೆಲಸ ಇಲ್ಲ. ಆದರೆ ಅದೇ ಗಟ್ಟಿತನ ನಮ್ಮ ರಸ್ತೆಯಲ್ಲಿ ತೊಂದರೆ. ಮಳೆ ಮುಗಿದ ಮೇಲೆ ಮೂಡಿಗೆರೆ ಕಡೆ ಗುಂಡಿಗಳ ಅಂಚು ಚೂಪಾಗಿರುತ್ತದೆ. ಅಂಥ ಅಂಚಿಗೆ ಹೊಡೆದರೆ ಏಟು ನೇರ ಸೊಂಟಕ್ಕೆ ಬರುತ್ತದೆ. ಒಂದು ಟೈರು ಗುಂಡಿಗೆ ಬಿದ್ದು ಪಕ್ಕದಲ್ಲಿ ಉಬ್ಬಿತು. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಎಸೆಯಲೇಬೇಕು.

ಆಗ ನಾಲ್ಕನ್ನೂ ಬದಲಿಸಿ, ರನ್‌ಫ್ಲ್ಯಾಟ್ ಅಲ್ಲದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಹಾಕಿಸಿದೆ. ಬೇರೆಯದೇ ಕಾರು ಆಯಿತು. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮ ಬೇಲೂರು ದಾಟುವ ಮೊದಲೇ ಅದನ್ನು ಗುರುತಿಸಿದರು. ಒದ್ದೆ ರಸ್ತೆಯಲ್ಲಿ ಹಿಡಿತ ಜಾಸ್ತಿ, ಸ್ಟಿಯರಿಂಗ್‌ನಲ್ಲಿ ರಸ್ತೆ ಏನು ಹೇಳುತ್ತಿದೆ ಅನ್ನುವುದು ಈಗ ಕೈಗೆ ಗೊತ್ತಾಗುತ್ತದೆ. ಬದಲಿಗೆ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಕಾಯಂ ಇಟ್ಟಿರುತ್ತೇನೆ. ಎಕ್ಸ್‌ಡ್ರೈವ್ ಇರುವವರು ಒಂದು ಮಾತು ನೆನಪಿಡಿ. ಮುಂದಿನ ಮತ್ತು ಹಿಂದಿನ ಟೈರಿನ ಸುತ್ತಳತೆಯಲ್ಲಿ ವ್ಯತ್ಯಾಸ ಬಂದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಸದಾ ಒತ್ತಡ ಬೀಳುತ್ತದೆ. ಅದು ಹೋದರೆ ಟೈರಿನ ಖರ್ಚು ಏನೂ ಅಲ್ಲ ಅನಿಸುತ್ತದೆ. ಎರಡು ಹಳೆಯದು, ಎರಡು ಹೊಸದು ಎಂದು ಹಾಕಬೇಡಿ. ಅಳತೆಯನ್ನೂ ಮನಸ್ಸಿಗೆ ಬಂದಂತೆ ಬದಲಿಸಬೇಡಿ.

ಸಸ್ಪೆನ್ಷನ್ ಮುಟ್ಟಿಲ್ಲ. ಕಾರು ಇನ್ನೂ ತಗ್ಗಿಸುವ ಸ್ಪ್ರಿಂಗ್ ಹಾಕಿಸಿ ಅಂತ ಗೆಳೆಯರು ಹೇಳುತ್ತಾರೆ. ನಮ್ಮೂರ ಹಂಪ್ಸ್ ನೋಡಿದವರು ಈ ಮಾತು ಹೇಳಬಾರದು. ಈಗಲೇ ಕೆಲವು ಹಂಪ್ಸ್ ಓರೆಯಾಗಿ ದಾಟಬೇಕು.

ಬ್ರೇಕ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಘಾಟಿಯವರಿಗೆ ಇದು ಮುಖ್ಯ. ಎಂ ಸ್ಪೋರ್ಟ್ ಬ್ರೇಕ್ ಒಳ್ಳೆಯದೇ, ಮುಂದೆ ನಾಲ್ಕು ಪಿಸ್ಟನ್ ಕ್ಯಾಲಿಪರ್. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದರ ಕುದಿಯುವ ಮಟ್ಟ ಇಳಿಯುತ್ತದೆ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಬ್ರೇಕ್ ಕಾದು, ಆಯಿಲ್ ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗುತ್ತದೆ. ತಿಂಗಳುಗಟ್ಟಲೆ ಮಳೆ ಹುಯ್ಯುವ ಊರು ನಮ್ಮದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ನಾನು ತಪ್ಪಿಸುವುದಿಲ್ಲ. ಮಳೆಗಾಲದ ಮುಂಚೆ ಮಾಡಿಸುವುದಕ್ಕಿಂತ ಮುಗಿದ ಮೇಲೆ ಮಾಡಿಸುವುದು ನನಗೆ ಸರಿ ಕಾಣುತ್ತದೆ. ಪ್ಯಾಡ್ ಬದಲಿಸುವಾಗ ಎರಡು ವಿಷಯ. ಹಿಂದಿನ ಪ್ಯಾಡ್ ಆದರೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕನ್ನು ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ಒತ್ತಬಾರದು. ಸವೆತದ ಎಚ್ಚರಿಕೆ ದೀಪ ಹತ್ತಿದ್ದರೆ ಪ್ಯಾಡ್ ಜೊತೆ ಸೆನ್ಸರ್ ಕೂಡ ಹೊಸದು ಹಾಕಬೇಕು, ಇಲ್ಲದಿದ್ದರೆ ದೀಪ ಆರುವುದಿಲ್ಲ. ಇನ್ನು ಇಳಿಜಾರಿನಲ್ಲಿ ಗಾಡಿಯನ್ನು ಸುಮ್ನೆ ಡಿ ಮೋಡ್‌ನಲ್ಲಿ ಬಿಡಬೇಡಿ. ಸ್ಟಿಯರಿಂಗ್ ಹಿಂದಿನ ಗೇರ್ ಪ್ಯಾಡಲ್ ಎಳೆದು ಮೂರನೇ ಗೇರಿಗೋ ಎರಡನೇ ಗೇರಿಗೋ ಇಳಿಸಿ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ.

ಪವರ್ ಹೆಚ್ಚಿಸುವ ಕಥೆಗೆ ಬರೋಣ. 2020ರ ಜೂನ್ ನಂತರ ತಯಾರಾದ ಬಿಎಂಡಬ್ಲ್ಯೂ ಕಾರುಗಳ ಎಂಜಿನ್ ಕಂಪ್ಯೂಟರ್‌ಗೆ ಕಂಪನಿ ಬೀಗ ಹಾಕಿದೆ. ಹಳೆಯ ಕಾರುಗಳಂತೆ ಲ್ಯಾಪ್‌ಟಾಪ್ ಚುಚ್ಚಿ ನೇರವಾಗಿ ರೀಮ್ಯಾಪ್ ಮಾಡುವುದು, ಅಂದರೆ ಅದರ ಸಾಫ್ಟ್‌ವೇರ್ ತಿದ್ದುವುದು, ಸುಲಭವಿಲ್ಲ. ಮೊದಲು ಅನ್‌ಲಾಕ್ ಮಾಡಿಸಬೇಕು. ಅದಕ್ಕೆ ಕಂಪ್ಯೂಟರನ್ನೇ ಬಿಚ್ಚಿ ಹೊರದೇಶಕ್ಕೆ ಕಳಿಸಿದವರೂ ಇದ್ದಾರೆ. ಹಾಗಾಗಿ ನಾನು ಜೆಬಿ4 ಎಂಬ ಪಿಗ್ಗಿಬ್ಯಾಕ್ ಪೆಟ್ಟಿಗೆ ಹಾಕಿಸಿದೆ. ಬೂಸ್ಟ್ ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ಈ ಪೆಟ್ಟಿಗೆ ಬೂಸ್ಟ್ ಸೆನ್ಸರ್ ಮತ್ತು ಎಂಜಿನ್ ಕಂಪ್ಯೂಟರ್ ನಡುವೆ ಕೂರುತ್ತದೆ. ಇರುವುದಕ್ಕಿಂತ ಕಮ್ಮಿ ಬೂಸ್ಟ್ ಇದೆ ಎಂದು ಕಂಪ್ಯೂಟರ್‌ಗೆ ತೋರಿಸುತ್ತದೆ. ಕಂಪ್ಯೂಟರ್ ಕೊರತೆ ತುಂಬಿಸಲು ಟರ್ಬೊದಿಂದ ಇನ್ನಷ್ಟು ಗಾಳಿ ಕೇಳುತ್ತದೆ. ಕೆಲಸ ಮಾಡುತ್ತದೆಯಾ? ಖಂಡಿತ. ಚನ್ನರಾಯಪಟ್ಟಣದ ಕಡೆ ಹೈವೇಯಲ್ಲಿ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ.

ಆದರೆ ಬೂಸ್ಟ್ ಏರಿದಾಗ ಎಂಜಿನ್‌ನಲ್ಲಿ ಎಲ್ಲಿ ಸಡಿಲ ಇದೆಯೋ ಅದು ಮೊದಲು ಹೊರಬರುತ್ತದೆ. ಒಂದು ಚಳಿಗಾಲದ ಬೆಳಗ್ಗೆ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಕಾಲಿಟ್ಟಾಗ ಗಾಡಿ ಜರ್ಕ್ ಹೊಡೆಯಿತು, ಎಂಜಿನ್ ದೀಪ ಹತ್ತಿತು. ನಿಧಾನವಾಗಿ ಹೋದರೆ ಏನೂ ತೊಂದರೆ ಇಲ್ಲ. ಬಿಮ್ಮರ್‌ಲಿಂಕ್ ಆ್ಯಪ್ ಮತ್ತು ಅದನ್ನು ಕಾರಿಗೆ ಜೋಡಿಸುವ ಒಂದು ಒಬಿಡಿ ಅಡಾಪ್ಟರ್ ನನ್ನ ಹತ್ತಿರ ಇತ್ತು. ದೋಷದ ಕೋಡ್ ಓದಿದರೆ ಪಿ0304, ಅಂದರೆ ನಾಲ್ಕನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ.

ಇಂಥ ಹೊತ್ತಿನಲ್ಲಿ ಭಾಗ ಬದಲಿಸುವ ಮೊದಲು ಪರೀಕ್ಷೆ ಮಾಡುವುದು ಮುಖ್ಯ. ಬಿ58ರಲ್ಲಿ ಎಂಜಿನ್ ಕವರ್ ಎತ್ತಿದರೆ ಪ್ಲಗ್‌ಗಳಿಗೆ ಕರೆಂಟ್ ಕೊಡುವ ಕಾಯಿಲ್‌ಗಳು ಮೇಲೇ ಸಿಗುತ್ತವೆ. ನಾಲ್ಕನೆಯ ಕಾಯಿಲ್ ತೆಗೆದು ಎರಡಕ್ಕೆ ಹಾಕಿದೆ, ಎರಡರದ್ದು ನಾಲ್ಕಕ್ಕೆ. ಕೋಡ್ ಅಳಿಸಿ ಮತ್ತೆ ಅದೇ ಏರು ಹತ್ತಿದೆ. ಕೋಡ್ ಎರಡನೇ ಸಿಲಿಂಡರಿಗೆ ಜರುಗಿದ್ದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಅದು ನಾಲ್ಕರಲ್ಲೇ ಉಳಿಯಿತು. ಆಮೇಲೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ, ಓಡಿ ಓಡಿ ಎಲ್ಲದರ ತುದಿಯೂ ಸವೆದು ಗ್ಯಾಪ್ ಅಗಲವಾಗಿತ್ತು. ನಾಲ್ಕನೆಯದು ಎಲ್ಲಕ್ಕಿಂತ ಜಾಸ್ತಿ. ಸಿಲಿಂಡರ್ ಒಳಗಿನ ಒತ್ತಡ ಹೆಚ್ಚಾದಷ್ಟೂ ಕಿಡಿ ಆ ಗ್ಯಾಪ್ ಹಾರುವುದು ಕಷ್ಟ. ಕಮ್ಮಿ ಬೂಸ್ಟ್‌ನಲ್ಲಿ ನಡೆಯುತ್ತಿದ್ದದ್ದು ಹೆಚ್ಚು ಬೂಸ್ಟ್‌ನಲ್ಲಿ ಆರಿಹೋಗುತ್ತಿತ್ತು. ಆರೂ ಹೊಸ ಪ್ಲಗ್, ಟ್ಯೂನ್ ಮಾಡಿದ ಗಾಡಿಗೆ ಹೊಂದುವ ಸಣ್ಣ ಗ್ಯಾಪ್‌ನಲ್ಲಿ ಹಾಕಿದ ಮೇಲೆ ಜರ್ಕ್ ಪೂರ್ತಿ ಹೋಯಿತು. ಆರು ಕಾಯಿಲ್ ಸೆಟ್ ತರಿಸಿದ್ದರೆ ದುಡ್ಡು ವ್ಯರ್ಥವಾಗುತ್ತಿತ್ತು. ಟ್ಯೂನ್ ಮಾಡಿಸುವವರು ಪ್ಲಗ್‌ನ ಆಯಸ್ಸು ಅರ್ಧ ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಈಗ ಆ ಪೆಟ್ಟಿಗೆ ಮ್ಯಾಪ್ 0ರಲ್ಲೇ ಇರುತ್ತದೆ, ಅಂದರೆ ಕಂಪನಿ ಕೊಟ್ಟ ಬೂಸ್ಟ್. ನಮ್ಮ ತಿರುವುಗಳಲ್ಲಿ 387 ಎಚ್‌ಪಿ ಪೂರ್ತಿ ಬಳಸುವ ಜಾಗವೇ ಇಲ್ಲ. ಅದರಿಂದ ಸಿಗುವ ಮಾಹಿತಿ ಮಾತ್ರ ಇಷ್ಟ. ಬೂಸ್ಟ್, ಗಾಳಿಯ ಬಿಸಿ, ಇಗ್ನಿಷನ್ ಟೈಮಿಂಗ್ ಎಲ್ಲ ಫೋನಿನಲ್ಲಿ ನೋಡಬಹುದು.

ಮಲೆನಾಡಿನಲ್ಲಿ ಈ ಕಾರಿನ ದೊಡ್ಡ ಶತ್ರು ಇಲಿ. ಶೆಡ್ ಪಕ್ಕದಲ್ಲೇ ಕಾಫಿ, ಮೆಣಸಿನ ಮೂಟೆ ಇಡುವ ಗೋಡೌನ್ ಇದ್ದರೆ ಕೇಳುವುದೇ ಬೇಡ. ಒಂದು ದಿನ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವುದು), ಡಿಎಸ್‌ಸಿ (ಗಾಡಿ ಜಾರದಂತೆ ಹಿಡಿಯುವುದು) ದೀಪಗಳು ಒಟ್ಟಿಗೆ ಹತ್ತಿದವು. ಪರದೆಯ ಮೇಲೆ ಸಾಲು ಸಾಲು ಎಚ್ಚರಿಕೆ. ಒಂದು ವರ್ಕ್‌ಶಾಪ್‌ನವರು ಫೋನಿನಲ್ಲೇ ವೈರಿಂಗ್ ಹಾರ್ನೆಸ್ (ವೈರುಗಳ ಇಡೀ ಕಟ್ಟು) ಹೋಗಿರಬೇಕು ಎಂದು ದೊಡ್ಡ ಮೊತ್ತ ಹೇಳಿದರು. ನಾನು ಹಾಸನದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ನನಗಿಂತ ಚಿಕ್ಕವರು, ಕೆಲಸದಲ್ಲಿ ಗಟ್ಟಿ. "ಅಣ್ಣ, ನೀವು ಇಪ್ಪತ್ತರಲ್ಲಿ ಓಡಿಸ್ತಾ ಇರಿ, ನಾನು ನೋಡ್ತೀನಿ" ಅಂದರು. ಸ್ಕ್ಯಾನರ್‌ನಲ್ಲಿ ನಾಲ್ಕು ಚಕ್ರದ ವೇಗ ಬೇರೆ ಬೇರೆ ತೋರಿಸುತ್ತದೆ. ಮೂರು ಚಕ್ರ ಇಪ್ಪತ್ತು ಅಂದವು, ಮುಂದಿನ ಎಡಚಕ್ರ ಸೊನ್ನೆ. ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿದರೆ ಸೆನ್ಸರ್ ವೈರಿನ ಮೇಲೆ ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಈ ಸೆನ್ಸರ್ ತನ್ನ ವೈರ್ ಜೊತೆಗೇ ಒಂದೇ ತುಂಡಾಗಿ ಬರುತ್ತದೆ. ಅದನ್ನಷ್ಟೇ ಬದಲಿಸಿದೆವು. ಹಾರ್ನೆಸ್‌ಗೆ ಕೈ ಹಾಕುವ ಪ್ರಸಂಗವೇ ಬರಲಿಲ್ಲ. ಚಕ್ರದ ಪಕ್ಕದ ವೈರು ಸ್ಟಿಯರಿಂಗ್ ಜೊತೆ ಸದಾ ಬಾಗುತ್ತಿರುತ್ತದೆ. ಅಲ್ಲಿ ಬೆಸುಗೆ ಹಾಕಿ ಟೇಪ್ ಸುತ್ತಿದರೆ ಕೆಲವೇ ದಿನಕ್ಕೆ ಬಿಡುತ್ತದೆ ಎಂದು ಅವರೇ ಬೇಡ ಅಂದರು.

ಹೊಗೆಸೊಪ್ಪು ಇಡಿ ಎಂದು ಎಲ್ಲರೂ ಹೇಳುತ್ತಾರೆ. ಬಿಸಿ ಎಂಜಿನ್ ಮೇಲೆ ಒಣ ಎಲೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಶೆಡ್ಡಿನ ಬಾಗಿಲ ಕೆಳಗಿನ ಸಂದಿ ಮುಚ್ಚಿಸಿ, ಮೂಟೆಗಳನ್ನು ಬೇರೆ ಕಡೆಗೆ ಸಾಗಿಸಿ, ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡುವುದು ಫಲ ಕೊಟ್ಟಿದೆ.

ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ. ಇದರದ್ದು ಎಜಿಎಂ ಎಂಬ ಬಗೆಯ ಬ್ಯಾಟರಿ, ಎಜಿಎಂ ಮೋಡ್ ಇರುವ ಚಾರ್ಜರ್ ತಗೊಳ್ಳಿ. ಬ್ಯಾಟರಿ ಬದಲಿಸಿದರೆ ಅದನ್ನು ಗಾಡಿಯ ಕಂಪ್ಯೂಟರ್‌ನಲ್ಲಿ ರಿಜಿಸ್ಟರ್ ಮಾಡಲೇಬೇಕು. ಇಲ್ಲವಾದರೆ ಹಳೆಯ ಬ್ಯಾಟರಿ ಎಂದು ತಿಳಿದು ತಪ್ಪಾಗಿ ಚಾರ್ಜ್ ಮಾಡುತ್ತದೆ. ಎಂಜಿನ್ ಆಯಿಲ್ ಆರೂವರೆ ಲೀಟರ್ ಬೇಕು. ಡಿಪ್‌ಸ್ಟಿಕ್ ಇಲ್ಲ, ಮಟ್ಟ ಪರದೆಯಲ್ಲೇ ನೋಡಬೇಕು. ಪರದೆ ಕೇಳುವವರೆಗೆ ಕಾಯದೆ ನಾನು ಬೇಗ ಬದಲಿಸುತ್ತೇನೆ, ಟರ್ಬೊ ಇರುವ ಗಾಡಿಗೆ ಅದು ಅಗ್ಗದ ವಿಮೆ. ಪೆಟ್ರೋಲ್ 95 ಆಕ್ಟೇನಿನದ್ದೇ ಹಾಕುತ್ತೇನೆ. ಇಪ್ಪತ್ತು ಶೇಕಡಾ ಎಥೆನಾಲ್ ಬಂದ ಮೇಲೆ ಮೈಲೇಜ್ ಸ್ವಲ್ಪ ಇಳಿದಿದೆ. ಎಥೆನಾಲ್‌ನಲ್ಲಿ ಶಕ್ತಿ ಕಮ್ಮಿ, ಇಳಿಯಲೇಬೇಕು.

ಎಕ್ಸಾಸ್ಟ್ ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಕಂಪನಿ ಎಕ್ಸಾಸ್ಟ್‌ನ ಸದ್ದು ಸ್ಪೋರ್ಟ್ ಮೋಡ್‌ನಲ್ಲಿ ಸಾಕಷ್ಟು ಚೆನ್ನಾಗಿದೆ. ಚಾರ್ಮಾಡಿ ಸುತ್ತ ಕಾಡಿದೆ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಮಕ್ಕಳು ಮಲಗಿರುತ್ತಾರೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಪಿಗ್ಗಿಬ್ಯಾಕ್ ಹಾಕುವವರು ವಾರಂಟಿ, ಇನ್ಶೂರೆನ್ಸ್ ಎರಡರ ಮೇಲೂ ಅದು ಪರಿಣಾಮ ಬೀರಬಹುದು ಎಂದು ತಿಳಿದೇ ಹಾಕಬೇಕು.

ಸರ್ವಿಸ್‌ಗೆ ಮಂಗಳೂರು ಹತ್ತಿರ, ಸುಮಾರು 150 ಕಿಲೋಮೀಟರ್. ಮಳೆಯಲ್ಲಿ ಚಾರ್ಮಾಡಿ ಮುಚ್ಚಿದರೆ ಸುತ್ತಿ ಹೋಗಬೇಕು. ಹಾಗಾಗಿ ಸಣ್ಣ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಲು ಬಂದರೆ ಮಾತ್ರ ಇಲ್ಲಿ ಈ ಕಾರು ಇಟ್ಟುಕೊಳ್ಳಿ ಎನ್ನುತ್ತೇನೆ. ಸೆಕೆಂಡ್‌ಹ್ಯಾಂಡ್ ನೋಡುವವರು ನಾಲ್ಕು ಟೈರಿನ ತಯಾರಿ ದಿನಾಂಕ, ಮೇಲಿನ ಗೆರೆಗಳ ಆಳ ಒಂದೇ ಇದೆಯಾ ನೋಡಿ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಕೋಡ್‌ಗಳನ್ನು ಅಳಿಸುವ ಮೊದಲು ಓದಿಸಿ. ಅಡಿಯ ಕವರ್ ಬಿಚ್ಚಿಸಿ ಇಲಿ ಗೂಡು ಇದೆಯಾ ನೋಡಿ.

ನನ್ನ ಮುಂದಿನ ಕೆಲಸ ಗೇರ್‌ಬಾಕ್ಸ್ ಆಯಿಲ್. ಬದಲಿಸುವುದೇ ಬೇಡ ಎಂಬ ಮಾತು ಇದೆ. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತದೆ. ಘಾಟಿ ಹತ್ತಿ ಇಳಿಯುವ ಗಾಡಿಗೆ ನಾನು ಝಡ್‌ಎಫ್ ಮಾತು ಕೇಳುತ್ತೇನೆ. ಇದರಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್ ಒಳಗೇ ಸೇರಿಕೊಂಡಿರುವುದರಿಂದ ಪ್ಯಾನ್ ಪೂರ್ತಿ ಹೊಸದು ಬೇಕು. ಆಯಿಲ್‌ನ ಬಿಸಿ ನೋಡಿಕೊಂಡೇ ಮಟ್ಟ ತುಂಬಬೇಕು, ಅಂದಾಜಿಗೆ ಸುರಿಯುವ ಹಾಗಿಲ್ಲ. ಸಾಮಾನು ತರಿಸಿಟ್ಟಿದ್ದೇನೆ, ಕಾಫಿ ಕೊಯ್ಲು ಮುಗಿದ ಕೂಡಲೇ ಹಾಸನದಲ್ಲಿ ಮಾಡಿಸುತ್ತೇನೆ.