ದನಿ ಎಲ್ಲಿಯವರೆಗೆ ಬೇಕು? 10 ದಿನಗಳ ವಿಪಶ್ಯನ ಶಿಬಿರ
ವಿಪಶ್ಯನ ಎಂದರೆ ದೇಹದ ಸಂವೇದನೆಗಳನ್ನು ಗಮನಿಸುವ ಧ್ಯಾನ. ಧ್ಯಾನಗುರು ಎಸ್.ಎನ್. ಗೋಯೆಂಕಾ ಪರಂಪರೆಯ ಶಿಬಿರದಲ್ಲಿ ಇದರ ಸೂಚನೆಗಳೆಲ್ಲ ಧ್ವನಿಮುದ್ರಿತ. ಬೆಂಗಳೂರಿನ ಹತ್ತಿರ ಆಲೂರಿನಲ್ಲೂ ಈ ಪರಂಪರೆಯ ಕೇಂದ್ರವಿದೆ. ಶಿಬಿರಕ್ಕೆ ಶುಲ್ಕವಿಲ್ಲ, ಹಳೆಯ ಸಾಧಕರ ದಾನದಿಂದಲೇ ನಡೆಯುತ್ತದೆ.

ಮೊದಲ ಮೂರು ದಿನ ಆನಾಪಾನ: ಮೂಗಿನ ಹೊಳ್ಳೆಯ ಬಳಿ ಸಹಜ ಉಸಿರನ್ನು ಗಮನಿಸುವುದು, ಅಷ್ಟೇ. 4ನೇ ದಿನ ನೆತ್ತಿಯಿಂದ ಅಂಗಾಲಿನವರೆಗೆ ಸಂವೇದನೆಗಳನ್ನು ನೋಡುವ ಅಭ್ಯಾಸ ಶುರು. ಅಂದಿನ ದೀರ್ಘ ಸೂಚನೆ ನಿಜಕ್ಕೂ ಅಗತ್ಯ. ಅದಿಲ್ಲದಿದ್ದರೆ ಹೊಸಬರು ನೋವಿರುವ ಮಂಡಿಗೇ ಅಂಟಿಕೊಂಡುಬಿಡುತ್ತಾರೆ.

ಇದರ ದೊಡ್ಡ ಗುಣವೆಂದರೆ, ದನಿ ದಾರಿ ತೋರಿಸಿ ಸುಮ್ಮನಾಗುತ್ತದೆ. ಬೆಳಿಗ್ಗೆ 8, ಮಧ್ಯಾಹ್ನ 2:30, ಸಂಜೆ 6ರ ಸಾಮೂಹಿಕ ಧ್ಯಾನದಲ್ಲಿ ಬಹುಪಾಲು ಹೊತ್ತು ಮೌನವೇ. ಮೊಬೈಲ್ ಆ್ಯಪ್‌ಗಳ ಅನೇಕ ಧ್ಯಾನಗಳು ಎಡವುವುದು ಇಲ್ಲೇ: ಮನಸ್ಸು ನೆಲೆಗೊಳ್ಳುವಷ್ಟರಲ್ಲಿ ಇನ್ನೊಂದು ಮಾತು ಬಂದು ಗಮನವನ್ನು ಕಿವಿಗೆ ಎಳೆಯುತ್ತದೆ.

ಕೊರತೆಯೂ ಇದೆ. ಮುಂಜಾನೆಯ ಪಠಣ ದೀರ್ಘ. ಉಸಿರಿನ ಮೇಲಿನ ಗಮನ ಬಿಟ್ಟು ಪಠಣದ ರಾಗದ ಹಿಂದೆ ಹೋಗುವವರು ಬಹಳ. ಮನೆಗೆ ಬಂದಮೇಲೆ ದಿನವೂ ಧ್ವನಿಮುದ್ರಿಕೆ ಹಾಕಿಕೊಳ್ಳಬೇಡಿ. ಮೊದಲ 5 ನಿಮಿಷ ಕೇಳಿ ನಿಲ್ಲಿಸಿ, ಉಳಿದದ್ದಕ್ಕೆ ಗಂಟೆ ಬಾರಿಸುವ ಟೈಮರ್ ಸಾಕು. ತೀವ್ರ ಮಾನಸಿಕ ಕಾಯಿಲೆಯಿದ್ದರೆ ಶಿಬಿರದ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ, ಮೊದಲು ವೈದ್ಯರನ್ನು ಕೇಳಿ.