ಬಿಸಿ ಅಳೆಯುವ ಗನ್ ತೋರಿಸಿ ಆಯಿಲ್ ಕೂಲರ್ ಮಾರುತ್ತಾರೆ, ದಾವಣಗೆರೆಯ ಬೈಕ್ ಸವಾರರು ಎಚ್ಚರ

ದಾವಣಗೆರೆಯಲ್ಲಿ ಏರ್ ಕೂಲ್ಡ್ ಬೈಕ್, ಅಂದರೆ ಗಾಳಿಯಿಂದಲೇ ಎಂಜಿನ್ ತಂಪಾಗುವ ಬೈಕ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಗರದ ಒಂದು ಆಕ್ಸೆಸರಿ ಅಂಗಡಿಯವರು ಎಂಜಿನ್ ಆಯಿಲ್ ವಿಪರೀತ ಬಿಸಿಯಾಗಿದೆ ಎಂದು ಹೆದರಿಸಿ, ಆಯಿಲ್ಲನ್ನು ಹೊರಗೆ ಹರಿಸಿ ತಂಪು ಮಾಡುವ, ನನಗೆ ಬೇಡವಾದ ಆಯಿಲ್ ಕೂಲರ್ ಒಂದನ್ನು ನನ್ನ 350 ಸಿಸಿ ಬೈಕಿಗೆ ಕೂರಿಸಿ 8,600 ರೂಪಾಯಿ ಕಿತ್ತುಕೊಂಡಿದ್ದಾರೆ. ಹಣ ಹೋದದ್ದಕ್ಕಿಂತ, ಅಷ್ಟು ಜನ ಗಿರಾಕಿಗಳು ನಿಂತು ನೋಡುತ್ತಿರುವಾಗಲೇ ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಏಪ್ರಿಲ್ ತಿಂಗಳ ಮಧ್ಯಾಹ್ನ, ಚಿತ್ರದುರ್ಗದಿಂದ ಹೆದ್ದಾರಿಯಲ್ಲಿ ಬಂದವನು ಬ್ರೇಕ್ ಪ್ಯಾಡ್ ಬದಲಿಸಲೆಂದು ಅಲ್ಲಿ ನಿಲ್ಲಿಸಿದ್ದೆ. ಗಾಡಿಯನ್ನು ಸ್ಟ್ಯಾಂಡ್ ಹಾಕುತ್ತಿದ್ದಂತೆ ಅಂಗಡಿಯವನು ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತಂದು, ಸೈಲೆನ್ಸರ್ ಬೆಂಡ್ ಹೊರಡುವ ಜಾಗದ ಪಕ್ಕದಲ್ಲೇ ಇರುವ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕಪ್ಪು ಫಿನ್‌ಗಳಿಗೆ (ಗಾಳಿಗೆ ಬಿಸಿ ಬಿಡುವ ಲೋಹದ ಪಟ್ಟಿಗಳಿಗೆ) ಹಿಡಿದು ಗುಂಡಿ ಒತ್ತಿದ. 168 ಎಂದು ಬಂತು. "ನೋಡ್ರಿ ಸರ್, ಆಯಿಲ್ 168 ಡಿಗ್ರಿ ಐತಿ. ಹಿಂಗೇ ಓಡಿಸಿದ್ರ ಬೋರ್ ಹೋಗತೈತಿ, ಮುಂದ ಸೀಜ್ ಆಗಿ ರಸ್ತೇಲಿ ನಿಲ್ಲತೈತಿ" ಎಂದ. ಏರ್ ಕೂಲ್ಡ್ ಎಂಜಿನ್ನಿನಲ್ಲಿ ರೇಡಿಯೇಟರ್ ಇರುವುದಿಲ್ಲ, ಬಿಸಿಯ ಒಂದು ಪಾಲನ್ನು ಆಯಿಲ್ಲೇ ಹೊತ್ತು ಸಾಗಿಸಬೇಕು, ಸುಮಾರು 130 ಡಿಗ್ರಿಯ ಮೇಲೆ ಆಯಿಲ್ ಬಹಳ ಹೊತ್ತು ಉಳಿದರೆ ಬೇಗ ಕೆಡುತ್ತದೆ, ಪ್ರತಿ 10 ಡಿಗ್ರಿ ಏರಿಕೆಗೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇವೆಲ್ಲ ನಿಜವಾದ ಮಾತುಗಳೇ. ಈ ನಿಜವನ್ನೇ ಮುಂದಿಟ್ಟುಕೊಂಡು ಅವರು ಸುಳ್ಳನ್ನು ಮಾರುತ್ತಾರೆ. ಹಾಗಿರುವಾಗ 168 ಎಂಬ ಅಂಕಿಯನ್ನು ಕಂಡರೆ ಯಾರಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ?

ಕೂಲರ್ ಕೂರಿಸಿ, ಹೊಸ ಆಯಿಲ್ ಸುರಿದು, ಒಂದು ಸುತ್ತು ಹೋಗಿ ಬರಲು ಹೇಳಿದರು. ಬಂದ ಮೇಲೆ ಅದೇ ಗನ್ನನ್ನು ಮತ್ತೆ ಹಿಡಿದರು, ಆದರೆ ಈ ಬಾರಿ ಹೆಡ್ಡಿಗಲ್ಲ, ಎಂಜಿನ್ನಿನ ಪಕ್ಕದಲ್ಲಿರುವ, ಪಾಲಿಶ್ ಮಾಡಿದ ಕ್ಲಚ್ ಕವರಿಗೆ. 71 ಬಂತು. "97 ಡಿಗ್ರಿ ಇಳೀತಲ್ಲ ಸರ್! ನಾವು ಹೇಳೋದು ಬ್ಯಾಡ, ನೀವೇ ಕಣ್ಣಾರೆ ನೋಡ್ರಿ" ಎಂದ. ಆ "ಕಣ್ಣಾರೆ" ಎಂಬ ಮಾತು ಇನ್ನೂ ಕಿವಿಯಲ್ಲೇ ಇದೆ. ನಾನು ಕಣ್ಣಾರೆ ನೋಡಿಯೇ ಹಣ ಕೊಟ್ಟೆ.

ಕೆಲವೇ ದಿನಗಳಲ್ಲಿ ಕೂಲರಿನ ಪೈಪ್ ಸೇರುವ ಬೋಲ್ಟಿನ ಬಳಿ ಆಯಿಲ್ ಜಿನುಗತೊಡಗಿತು. ಆಯಿಲ್ ಸುರಿಯುವ ಫಿಲ್ಲರ್ ಮುಚ್ಚಳ ತೆಗೆದರೆ ಒಳಗೆ ಕೆನೆಯಂಥ ಹಳದಿ ನೊರೆ. ಆಯಿಲ್ ಬಿಸಿಯಾಗುವವರೆಗೆ ಅದನ್ನು ಕೂಲರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಆ ಕೂಲರಿಗೆ ಇರಲಿಲ್ಲ. ಬೆಳಗಿನ ಹೊತ್ತು ಮನೆಯಿಂದ ಕೆಲಸಕ್ಕೆ ಹೋಗುವಷ್ಟು ದೂರದಲ್ಲಿ ಆಯಿಲ್ ಸರಿಯಾಗಿ ಬಿಸಿಯೇ ಆಗದೆ, ಒಳಗೆ ಸೇರಿದ ನೀರಿನ ಅಂಶ ಆವಿಯಾಗಿ ಹೊರಹೋಗದೆ ಅಲ್ಲೇ ಉಳಿಯುತ್ತಿತ್ತು. ಅಂದರೆ ಆಯಿಲ್ಲನ್ನು ಕಾಪಾಡಲು ಎಂದು ಹಾಕಿದ ವಸ್ತುವೇ ಆಯಿಲ್ಲನ್ನು ಕೆಡಿಸುತ್ತಿತ್ತು.

ಚಿತ್ರದುರ್ಗದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಸಂಬಂಧಿಕರು ಅದನ್ನು ಬಿಚ್ಚಿ ಹಾಕಿ, ಫಿಲ್ಲರ್ ಮುಚ್ಚಳದ ಜಾಗಕ್ಕೆ ಡಿಪ್‌ಸ್ಟಿಕ್ ಥರ್ಮಾಮೀಟರ್ ಹಾಕಿಕೊಟ್ಟರು. ಅದರ ಕಡ್ಡಿ ನೇರವಾಗಿ ಆಯಿಲ್ಲಿನೊಳಗೆ ಮುಳುಗಿರುತ್ತದೆ. ಅದೇ ಬಿರುಬಿಸಿಲಿನಲ್ಲಿ ಭರಮಸಾಗರದವರೆಗೆ ಹೆದ್ದಾರಿಯಲ್ಲಿ ಹೋಗಿ ಬಂದೆವು. ಕೂಲರ್ ಇಲ್ಲದೆಯೇ ಆಯಿಲ್ 108 ಡಿಗ್ರಿ ತೋರಿಸಿತು, ಇಂಥ ಎಂಜಿನ್ನಿಗೆ ಇದು ಮಾಮೂಲಿ ಬಿಸಿ. ಆಮೇಲೆ ಅವರು ತಮ್ಮ ಗನ್ ತಂದರು. ಹೆಡ್ಡಿನ ಫಿನ್‌ಗೆ ಹಿಡಿದರೆ 160ರ ಮೇಲೆ, ಹೊಳೆಯುವ ಕ್ಲಚ್ ಕವರಿಗೆ ಹಿಡಿದರೆ 60ರ ಆಸುಪಾಸು. ಕೊನೆಗೆ ಅದೇ ಕವರಿನ ಮೇಲೆ ಬೆರಳಗಲದ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಗನ್ನನ್ನು ಹತ್ತಿರ ತಂದು ಟೇಪಿಗೇ ಹಿಡಿದರು: 94. ಟೇಪಿನ ಮೇಲೆ 94, ಪಕ್ಕದ ಬರಿ ಲೋಹದ ಮೇಲೆ 60ರ ಆಸುಪಾಸು! ಗನ್ ಅಳೆಯುವುದು ಮೇಲ್ಮೈಯಿಂದ ಹೊರಡುವ ಇನ್‌ಫ್ರಾರೆಡ್ ಕಿರಣವನ್ನು ಮಾತ್ರ. ಕಪ್ಪು ಬಣ್ಣದ ಮೇಲ್ಮೈ ಅದನ್ನು ಚೆನ್ನಾಗಿ ಹೊರಸೂಸುತ್ತದೆ, ಪಾಲಿಶ್ ಮಾಡಿದ ಅಲ್ಯೂಮಿನಿಯಂ ತೀರಾ ಕಡಿಮೆ ಹೊರಸೂಸುವುದರಿಂದ ಗನ್ ಅಲ್ಲಿ ಸುಳ್ಳು ತಂಪನ್ನು ತೋರಿಸುತ್ತದೆ. ಒಳಗಿನ ಆಯಿಲ್ ಎಷ್ಟು ಬಿಸಿಯಿದೆ ಎಂಬುದನ್ನು ಆ ಗನ್ ಎಲ್ಲಿಗೆ ಹಿಡಿದರೂ ಹೇಳಲಾರದು.

ಟೇಪಿನ ಸುರುಳಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋದೆ. ಮೊದಲು ಸಿಕ್ಕ ಉತ್ತರ: "ನಮ್ದು ಕಂಪನಿ ಗನ್ ಸರ್, ಸುಳ್ಳು ತೋರ್ಸಂಗಿಲ್ಲ." ಟೇಪ್ ಅಂಟಿಸಿ ತೋರಿಸಿದ್ದಕ್ಕೆ "ಟೇಪ್ ಹಚ್ಚಿದ್ರ ಬಿಸಿ ಜಾಸ್ತಿ ಆಗೇ ಆಗತೈತಿ" ಎಂದ. ತೆಳ್ಳನೆಯ ಒಂದು ಟೇಪ್ ಚೂರು ಲೋಹವನ್ನು 30 ಡಿಗ್ರಿ ಬಿಸಿ ಮಾಡುತ್ತದೆಯೇ ಎಂದು ಕೇಳಿದರೆ, "ದಿನಾ ಹಾಕ್ತೀವಿ, ಯಾರೂ ಬಂದು ಕೇಳಿಲ್ಲ, ನಿಮ್ಗೊಬ್ರಿಗೇ ಡೌಟು" ಎಂಬ ಮಾತು. ಬಿಚ್ಚಿಸಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಕೊನೆಯಲ್ಲಿ ಹೇಳಿದ್ದು ಎಲ್ಲಕ್ಕಿಂತ ನಾಚಿಕೆಗೇಡಿನದು: "ನಾನು ಆಯಿಲ್ ಅಂದೇ ಇಲ್ಲ ಸರ್, ಎಂಜಿನ್ ಬಿಸಿ ಐತಿ ಅಂದಿದ್ದೆ." ಆಯಿಲ್ ಎಂದೇ ಹೇಳಿದ್ದ. ಆಯಿಲ್ 168 ಡಿಗ್ರಿ ಎಂದೇ ಹೇಳಿದ್ದ. ಅದಕ್ಕಾಗಿಯೇ ಆಯಿಲ್ ಕೂಲರ್ ಮಾರಿದ್ದ.

ಆಯಿಲ್ ಕೂಲರ್ ಎಂಬುದೇ ಮೋಸ ಎಂದು ನಾನು ಹೇಳುತ್ತಿಲ್ಲ. ಪಲ್ಸರ್ 220, ಹಿಮಾಲಯನ್ 411ರಂಥ ಗಾಡಿಗಳಿಗೆ ಕಂಪನಿಯೇ ಅದನ್ನು ಕೊಟ್ಟಿದೆ, ಆಯಿಲ್ ಓಡಾಡುವ ದಾರಿಯನ್ನೂ ಅದಕ್ಕೆ ತಕ್ಕಂತೆ ರೂಪಿಸಿದೆ. ಗನ್ ಹಿಡಿದು ಹೆದರಿಸಿ, ಸಿಕ್ಕ ಬೋಲ್ಟಿಗೆ ಪೈಪ್ ಸಿಕ್ಕಿಸುವುದು ಬೇರೆಯೇ ದಂಧೆ.

ಯಾರಾದರೂ ನಿಮ್ಮ ಆಯಿಲ್ ಬಿಸಿಯಾಗಿದೆ ಎಂದರೆ, ಥರ್ಮಾಮೀಟರನ್ನು ಆಯಿಲ್ಲಿನೊಳಗೆ ಇಟ್ಟು ತೋರಿಸಲು ಹೇಳಿ. ಮೊದಲು ಅಳೆದ ಜಾಗದಲ್ಲೇ ಮತ್ತೆ ಅಳೆಯಲು ಹೇಳಿ. ಆಗ ಅವರ ಮುಖ ನೋಡಿ. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಏಕೆಂದರೆ ನನಗೆ ಕೊಟ್ಟಿರುವುದು "ಕೂಲರ್ ಫಿಟಿಂಗ್" ಎಂದು ಪೆನ್ನಿನಲ್ಲಿ ಗೀಚಿದ, ಅಂಗಡಿಯ ಹೆಸರೂ ಇಲ್ಲದ ಬಿಳಿ ಚೀಟಿ. ಯುಪಿಐ ಪಾವತಿಯ ದಾಖಲೆ ನನ್ನ ಬಳಿ ಇದೆ. ಅದನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಇದೇ ರೀತಿ ಗನ್ ತೋರಿಸಿಕೊಂಡು ಕೂಲರ್ ಹಾಕಿಸಿಕೊಂಡವರು ಇನ್ನೂ ಇದ್ದರೆ, ನಿಮ್ಮ ಪಾವತಿಯ ದಾಖಲೆಯನ್ನೂ ಆ ಬಿಳಿ ಚೀಟಿಯನ್ನೂ ದಯವಿಟ್ಟು ಎಸೆಯಬೇಡಿ.