ಡಾರ್ಕ್ ಕಾಂಪೌಂಡ್ ಸ್ಲ್ಯಾಬಲ್ಲಿ ಬ್ರೆಡ್ ಪುಡ್ಡಿಂಗ್ ಮಾಡಿದೆ, ಎರಡು ಸ್ಟಾರ್

ಅರ್ಧ ಕೆಜಿ ಡಾರ್ಕ್ ಕಾಂಪೌಂಡ್ ಸ್ಲ್ಯಾಬು, ಅಂದ್ರೆ ಕರಗಿಸಿ ಬಳಸೋ ಚಾಕೊಲೇಟ್ ಥರದ ಗಟ್ಟಿ, ಮನೆಗೆ ತಂದ್ಕೊಡೋ ಆಪಲ್ಲಿ ಆರ್ಡರ್ ಮಾಡಿದ್ದು. ಬ್ರ್ಯಾಂಡ್ ಹೆಸರು ಹೇಳಲ್ಲ, ಯಾಕಂದ್ರೆ ತಪ್ಪು ಅವ್ರದ್ದು ಅನ್ನೋದಕ್ಕಿಂತ ಪ್ಯಾಕೆಟ್ ಹಿಂದೆ ಏನ್ ಬರ್ದಿದೆ ಅಂತ ಓದದೆ ತಗೊಂಡ ನಂದೇ ಜಾಸ್ತಿ. ಆದ್ರೂ ಎರಡು ಸ್ಟಾರ್ ಯಾಕೆ ಅಂತ ಹೇಳ್ಬೇಕಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಪುಡ್ಡಿಂಗ್ ರೆಸಿಪಿನೂ ಮಧ್ಯ ಮಧ್ಯ ಬರುತ್ತೆ, ಅದಕ್ಕೋಸ್ಕರನಾದ್ರೂ ಓದಿ.

ಡೆಲಿವರಿ ಕಥೆ ಮೊದಲು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಆ ಹುಡುಗನ ಬ್ಯಾಗಲ್ಲಿ ಎಷ್ಟೊತ್ತು ಬೆಂದಿತ್ತೋ, ಕವರ್ ಬಿಚ್ಚಿದ್ರೆ ಸ್ಲ್ಯಾಬಿನ ಒಂದು ಮೂಲೆ ಕರಗಿ ಮತ್ತೆ ಗಟ್ಟಿಯಾಗಿ ಸೊಟ್ಟ ಆಗಿದೆ, ಮೇಲೆಲ್ಲಾ ಬೂದಿ ಚೆಲ್ಲಿದ ಹಾಗೆ ಬಿಳಿ ಬಿಳಿ. ಅತ್ತೆ ನೋಡಿ ಬೂಷ್ಟು ಬಂದಿದೆ ಬಿಸಾಕು ಅಂದ್ರು. ಬೂಷ್ಟು ಅಲ್ಲ ಅದು, ಒಳಗಿನ ಕೊಬ್ಬು ಕರಗಿ ಮೇಲೆ ಬಂದು ಕೂತಿರೋದು, ತಿಂದ್ರೆ ಏನೂ ಆಗಲ್ಲ, ಹೇಗೂ ಕರಗ್ಸೋದೇ ತಾನೆ ಅಂತ ಇಟ್ಕೊಂಡೆ. ಅದಕ್ಕೆ ಸ್ಟಾರ್ ಕಟ್ ಮಾಡಿಲ್ಲ.

ಬ್ರೆಡ್ ಪುಡ್ಡಿಂಗೇ ಯಾಕೆ ಅಂದ್ರೆ ಬ್ರೆಡ್ ಉಳಿದಿತ್ತು, ಅಷ್ಟೇ. ಮಗಳಿಗೆ ಜ್ವರ ಅಂತ ನೋಡೋಕೆ ಬಂದವ್ರು ಒಬ್ಬೊಬ್ರೂ ಒಂದೊಂದು ಪೌಂಡ್ ಬ್ರೆಡ್ ಹಿಡ್ಕೊಂಡು ಬಂದ್ರು, ನಮ್ಮ ಕಡೆ ಅದೊಂದು ಹೋಗಲ್ಲ ನೋಡಿ, ಜ್ವರ ಅಂದ್ರೆ ಬ್ರೆಡ್ಡು ಹಾಲು. ಅವಳು ಎರಡು ಸ್ಲೈಸ್ ತಿಂದು ಮೂರನೇ ದಿನ ಎದ್ದು ಪಾನಿಪೂರಿ ಕೇಳಿದ್ಲು, ಬ್ರೆಡ್ ಹಾಗೇ ಉಳೀತು. ಹಿಂದೆ ಇಂಗ್ಲೆಂಡಲ್ಲಿ ಹಳೆ ಬ್ರೆಡ್ ಬಿಸಾಕೋಕೆ ಮನಸ್ಸು ಬಾರದ ಬಡವ್ರು ಮಾಡ್ತಿದ್ದ ತಿಂಡಿ ಇದು, ನಾವು ಉಳಿದ ಅನ್ನಕ್ಕೆ ಚಿತ್ರಾನ್ನ ಕಲಸಿದ ಹಾಗೆ. ಈಗ ಅದಕ್ಕೇ ಚಾಕೊಲೇಟು ಕ್ರೀಮು ಎಲ್ಲಾ ಸುರಿದು ಶ್ರೀಮಂತ್ರ ಮನೆ ಸ್ವೀಟ್ ಮಾಡ್ಬಿಟ್ಟಿದೀವಿ.

ಫಸ್ಟ್ ಟೈಮ್ ಮಾಡಿದ್ದು ಪೂರ್ತಿ ಕಾಂಪೌಂಡಲ್ಲೇ. 400 ಎಂಎಲ್ ಹಾಲು, 200 ಎಂಎಲ್ ಫ್ರೆಶ್ ಕ್ರೀಮು ಕಾಯಿಸಿ 200 ಗ್ರಾಂ ಸ್ಲ್ಯಾಬ್ ತುಂಡು ಮಾಡಿ ಹಾಕಿ ಕಲಸಿದೆ, ಚೆನ್ನಾಗೇ ಕರಗ್ತು, ಬಣ್ಣನೂ ಸೂಪರ್ ಕಪ್ಪು. 80 ಗ್ರಾಂ ಸಕ್ಕರೆ, ಮೂರು ಮೊಟ್ಟೆ, ಒಂದು ಎಕ್ಸ್‌ಟ್ರಾ ಹಳದಿ. ಬ್ರೆಡ್ ಮೇಲೆ ಸುರಿದು ಓಟಿಜಿಗಿಟ್ಟೆ (ಕರೆಂಟ್ ಓವನ್ನು). ಬರುವಾಗ ಪರಿಮಳ ಚೆನ್ನಾಗಿತ್ತು, ಬಿಸಿ ಬಿಸಿ ಒಂದು ಸ್ಪೂನ್ ತಿಂದಾಗ ಸಿಹಿ ಸ್ವಲ್ಪ ಜಾಸ್ತಿ ಅನ್ನಿಸ್ತು ಬಿಟ್ರೆ ಓಕೆ. ತಣ್ಣಗಾದ ಮೇಲೆ ಶುರು ಆಯ್ತು ನೋಡಿ ಪ್ರಾಬ್ಲಮ್. ನಾಲಿಗೆ ಮೇಲಿಟ್ರೆ ಕರಗೋದೇ ಇಲ್ಲ, ಅಂಗುಳಕ್ಕೆ ಒಂಥರಾ ಮೇಣ ಹಚ್ಚಿದ ಹಾಗೆ ಅಂಟ್ಕೊಂಡು ಕೂರುತ್ತೆ, ಡಾಲ್ಡಾದಲ್ಲಿ ಮಾಡಿದ ಮೈಸೂರು ಪಾಕ್ ತಿಂದಿದ್ರೆ ಗೊತ್ತಿರುತ್ತೆ ನಿಮಗೆ, ತಿಂದು ಮುಗಿದ ಮೇಲೂ ಬಾಯಲ್ಲಿ ಒಂದು ಪದರ ಉಳಿಯುತ್ತಲ್ಲ, ಥೇಟ್ ಅದೇ. ನಮ್ಮನೆಯವ್ರು ಸದ್ದಿಲ್ಲದೆ ಎದ್ದು ಹೋಗಿ ಬಿಸಿ ನೀರು ಕುಡ್ಕೊಂಡು ಬಂದ್ರು. ಏನೂ ಹೇಳ್ಲಿಲ್ಲ, ಅದೇ ದೊಡ್ಡ ರಿವ್ಯೂ.

ಆಮೇಲೆ ಪ್ಯಾಕೆಟ್ ತಿರುಗಿಸಿ ಓದಿದೆ. ಇಂಗ್ರೀಡಿಯೆಂಟ್ಸ್ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿ ಇರುತ್ತೋ ಅದೇ ಮೊದಲು ಬರೋದು. ಮೊದಲನೇದು ಸಕ್ಕರೆ. ಎರಡನೇದು ವೆಜಿಟೇಬಲ್ ಫ್ಯಾಟು, ಅದೂ ಹೈಡ್ರೋಜನೇಟೆಡ್, ಅಂದ್ರೆ ಡಾಲ್ಡಾ ಥರ ಗಟ್ಟಿ ಮಾಡಿದ್ದು. ಕೋಕೋ ಬರೋದು ಮೂರನೇ ನಂಬರಲ್ಲಿ, ಅದೂ ಪುಡಿ ರೂಪದಲ್ಲಿ. ಕೊನೇಲಿ 322, 476 ಅಂತ ನಂಬರು, 322 ಅಂದ್ರೆ ಲೆಸಿಥಿನ್, 476ನೂ ಅದೇ ಥರ ಚಾಕೊಲೇಟ್ ತೆಳ್ಳಗೆ ಹರಿಯೋ ಹಾಗೆ ಮಾಡೋ ಎಮಲ್ಸಿಫೈಯರ್ರು, ಅವೆರಡ್ರ ಬಗ್ಗೆ ನನ್ನ ತಕರಾರಿಲ್ಲ, ಒಳ್ಳೊಳ್ಳೆ ಚಾಕೊಲೇಟಲ್ಲೂ ಇರುತ್ತವೆ. ತಕರಾರು ಇರೋದು ಆ ಎರಡನೇ ಐಟಂ ಬಗ್ಗೆ. ಚಾಕೊಲೇಟ್ ಬಾಯಲ್ಲಿ ಕರಗುತ್ತೆ ಅಂತೀವಲ್ಲ, ಅದು ಕೋಕೋ ಬಟರ್ ಮಹಿಮೆ, ಅದು ಕರಗೋದು 34 ಡಿಗ್ರಿ ಆಸುಪಾಸು, ನಮ್ಮ ಮೈ 37 ಡಿಗ್ರಿ, ಹಾಗಾಗಿ ಕೈಯಲ್ಲಿ ಸ್ವಲ್ಪ ಹೊತ್ತು ಗಟ್ಟಿ ಇರುತ್ತೆ, ನಾಲಿಗೆಗೆ ಬಿದ್ದ ಕೂಡ್ಲೇ ನೀರು. ಕಾಂಪೌಂಡಲ್ಲಿ ಆ ಬಟರ್ ತೆಗೆದು ಅಗ್ಗದ ಕೊಬ್ಬು ಹಾಕಿರ್ತಾರೆ, ಅದು ಸೆಕೆಗೆ ಬೇಗ ಕರಗಬಾರ್ದು ಅಂತಲೇ ಮಾಡಿರೋದು. ಡಾರ್ಕ್ ಅಂತ ದೊಡ್ಡಕ್ಷರದಲ್ಲಿ, ಕಾಂಪೌಂಡ್ ಅಂತ ಸಣ್ಣಕ್ಷರದಲ್ಲಿ. ಮೋಸ ಅನ್ನೋಕಾಗಲ್ಲ, ಬರ್ದಿದಾರಲ್ಲ.

ನಂಗೆ ನಾಚಿಕೆ ಆಗಿದ್ದು ಯಾಕಂದ್ರೆ ನಾನು ಕೋಕೋ ತೋಟದಲ್ಲಿ ಆಡಿ ಬೆಳೆದವಳು ಮಾರಾಯ್ರೆ. ಅಜ್ಜನ ಮನೆ ಸುಳ್ಯದ ಕಡೆ, ಅಡಿಕೆ ತೋಟದ ನೆರಳಲ್ಲಿ ಕೊಕ್ಕೋ ಗಿಡ, ಕಾಯಿ ಬಿಡೋದು ಕೊಂಬೆ ತುದೀಲಲ್ಲ, ಹಲಸಿನ ಹಾಗೆ ಕಾಂಡಕ್ಕೇ. ಹಣ್ಣಾದ್ರೆ ಹಳದಿ, ಕಲ್ಲಿಗೆ ಕುಟ್ಟಿ ಒಡೆದ್ರೆ ಒಳಗೆ ಬಿಳಿ ಲೋಳೆ ಸುತ್ತಿದ ಬೀಜ, ಅದನ್ನ ಬಾಯಿಗೆ ಹಾಕ್ಕೊಂಡು ಚೀಪಿ ಬೀಜ ಉಗುಳೋದು, ಸಿಹಿ ಹುಳಿ, ಸೀತಾಫಲಕ್ಕೆ ನಿಂಬೆ ಹಿಂಡಿದ ಹಾಗೆ. ಚಾಕೊಲೇಟ್ ರುಚಿ ಅದ್ರಲ್ಲಿ ಒಂಚೂರೂ ಇರಲ್ಲ, ಅಳಿಲಿಗೂ ಮಂಗಕ್ಕೂ ನಮಗೂ ಬೇಕಾಗಿದ್ದು ಆ ಲೋಳೆ ಮಾತ್ರ. ಉಗುಳಿದ ಬೀಜ ಅಜ್ಜ ಬಿಡ್ತಿರ್ಲಿಲ್ಲ, ಹೆಕ್ಕಿಸ್ತಿದ್ರು. ಹಸಿ ಬೀಜ ಗೋಣಿಗೆ ತುಂಬಿ ಕ್ಯಾಂಪ್ಕೋಗೆ ಕೊಡೋದು. ಆ ಬೀಜ ಐದಾರು ದಿನ ರಾಶಿ ಹಾಕಿ ಹುಳಿ ಬರ್ಸಿ, ಒಣಗಿಸಿ, ಹುರಿದ ಮೇಲೇ ಚಾಕೊಲೇಟಿನ ವಾಸನೆ ಹುಟ್ಟೋದು ಅಂತ ನಂಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. 1973ರಲ್ಲಿ ಅಡಿಕೆಗೆ ಅಂತ ಶುರುವಾದ ಸಹಕಾರಿ ಸಂಸ್ಥೆ ಈ ಕ್ಯಾಂಪ್ಕೋ, ಆಮೇಲೆ ಕೊಕ್ಕೋ ಬೆಲೆ ಬಿದ್ದು ಕೊಳ್ಳೋರೇ ಇಲ್ಲ ಅಂತಾದಾಗ ಬೀಜ ಕೊಳ್ಳೋಕೆ ಇಳೀತು, 1986ರಲ್ಲಿ ಪುತ್ತೂರಲ್ಲಿ ಚಾಕೊಲೇಟ್ ಫ್ಯಾಕ್ಟರಿನೇ ಹಾಕ್ತು. ಅಜ್ಜ ಫ್ಯಾಕ್ಟರಿ ಅಂದ್ರೆ ನಮ್ಮದೇ ಅನ್ನೋ ಹಾಗೆ ಮಾತಾಡ್ತಿದ್ರು, ಷೇರ್ ಇತ್ತಲ್ಲ. ಅಂಥವ್ರ ಮೊಮ್ಮಗಳು ಬೆಂಗಳೂರಿಗೆ ಬಂದು ಕೋಕೋ ಬಟರೇ ಇಲ್ಲದ ಚಾಕೊಲೇಟ್ ಕಾಸು ಕೊಟ್ಟು ತರ್ಸಿದಾಳೆ.

ಸೆಕೆಂಡ್ ಟೈಮ್ ಸ್ಲ್ಯಾಬಿಗೆ ಇನ್ನೊಂದು ಚಾನ್ಸ್ ಕೊಟ್ಟೆ. ಕಾಂಪೌಂಡ್ 100 ಗ್ರಾಂಗೆ ಇಳಿಸಿ, ಸಕ್ಕರೆ ಬರೀ ಎರಡು ಸ್ಪೂನು, ಜೊತೆಗೆ ಕೋಕೋ ಪೌಡರ್ ಮೂರು ದೊಡ್ಡ ಸ್ಪೂನು ಬಿಸಿ ಹಾಲಲ್ಲಿ ಗಂಟಿಲ್ಲದ ಹಾಗೆ ಕಲಸಿ ಹಾಕಿದೆ. ಚಾಕೊಲೇಟ್ ಘಾಟು ಬಂತು, ಸಿಹಿ ಲೆವೆಲ್ಲಿಗೆ ಬಂತು, ಮೇಣ ಕಮ್ಮಿ ಆಯ್ತು ಹೋಗ್ಲಿಲ್ಲ. ಈಗಾಗ್ಲೇ ಸ್ಲ್ಯಾಬ್ ತಂದು ಕೂತಿರೋರು ಹೀಗೆ ಮಾಡ್ಕೊಳಿ, ಬಿಸಿ ಇರುವಾಗ್ಲೇ ತಿಂದು ಮುಗಿಸಿ, ನಾಳೆಗೆ ಇಡ್ಬೇಡಿ.

ಥರ್ಡ್ ಟೈಮ್ ಅಮುಲ್ ಡಾರ್ಕ್ ತಂದೆ, 55 ಪರ್ಸೆಂಟ್ ಕೋಕೋ ಅಂತ ಬರ್ದಿರೋದು, 150 ಗ್ರಾಂ ಬಾರು, ಕಿರಾಣಿ ಅಂಗಡೀಲೇ ಸಿಗುತ್ತೆ. ಬೇರೆ ಎಲ್ಲಾ ಫಸ್ಟ್ ಸಲದ ಹಾಗೇ ಇಟ್ಟೆ, ಅದೇ ಹಾಲು ಅದೇ ಕ್ರೀಮು ಅದೇ ಮೊಟ್ಟೆ ಅದೇ ಸಕ್ಕರೆ, ಇಲ್ದಿದ್ರೆ ಯಾವುದ್ರಿಂದ ವ್ಯತ್ಯಾಸ ಆಯ್ತು ಅಂತ ಹೇಗೆ ಗೊತ್ತಾಗ್ಬೇಕು. 200 ಗ್ರಾಂ ಸ್ಲ್ಯಾಬಿನ ಜಾಗದಲ್ಲಿ 150 ಗ್ರಾಂ ಬಾರೇ ಸಾಕಾಯ್ತು. ಎಪ್ಪತ್ತು ಎಂಬತ್ತು ಪರ್ಸೆಂಟಿಂದು ಬೇಡ, ಕಹಿ ಏರಿ ಮಕ್ಕಳು ಮುಟ್ಟಲ್ಲ.

ಈಗ ಮಾಡೋ ರೀತಿ, ಮೂರು ಸಲ ಮಾಡಿ ಕೈ ಸುಟ್ಕೊಂಡು ಕಲ್ತಿದ್ದು. ಬ್ರೆಡ್ 300 ಗ್ರಾಂ, ಹೊಸದು ಆಗೋದೇ ಇಲ್ಲ, ಹಾಲಿಗೆ ಬಿದ್ದ ಕೂಡ್ಲೇ ಅಂಬಲಿ. ನಿನ್ನೆ ಮೊನ್ನೆದು ಬೇಕು. ಬ್ರೆಡ್ಡು ಫ್ರಿಜ್ಜಲ್ಲಿಟ್ರೆ ಹೊರಗಿಟ್ಟಿದ್ದಕ್ಕಿಂತ ಬೇಗ ಬಿರುಸಾಗುತ್ತೆ, ಬೇರೆ ದಿನ ಅದು ತಲೆನೋವು, ಇಲ್ಲಿ ಅದೇ ವರ. ಅಯ್ಯಂಗಾರ್ ಬೇಕರಿ ಬ್ರೆಡ್ ಆದ್ರೆ ಸ್ವಲ್ಪ ಸಿಹಿ ಇರುತ್ತೆ, ಸಕ್ಕರೆ ಎರಡು ಸ್ಪೂನ್ ಕಮ್ಮಿ ಮಾಡಿ, ಸ್ಲೈಸ್ ಮಾಡ್ಬೇಡಿ ಅಂತ ಹೇಳಿ ಇಡೀ ಪೌಂಡೇ ತಗೊಂಡು ಬಂದು ಮನೇಲಿ ದಪ್ಪ ದಪ್ಪ ಚೌಕ ಮಾಡಿ. ಅಂಚು ತೆಗೀಬೇಡಿ ಪ್ಲೀಸ್, ಆ ಕಂದು ಅಂಚೇ ಮೇಲೆ ಎದ್ದು ನಿಂತು ಗರಿಗರಿ ಆಗೋದು. ಹಾಲು ಕ್ರೀಮು ಅಂಚಲ್ಲಿ ಗುಳ್ಳೆ ಬರೋವರೆಗೆ ಕಾಯಿಸಿ, ಕುದಿಸ್ಬೇಡಿ, ಸ್ಟವ್ ಆಫ್ ಮಾಡಿ ಚಾಕೊಲೇಟ್ ಹಾಕಿ ಎರಡು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ಕಲಸಿ. ಒಂದು ಚಿಟಿಕೆ ಉಪ್ಪು, ಎರಡು ದೊಡ್ಡ ಸ್ಪೂನ್ ಗಟ್ಟಿ ಕಾಫಿ ಡಿಕಾಕ್ಷನ್, ಬೆಳಗ್ಗೆ ಫಿಲ್ಟರಲ್ಲಿ ಉಳಿದಿರುತ್ತಲ್ಲ ಅದೇ. ಕಾಫಿ ರುಚಿ ಬರಲ್ಲ, ಚಾಕೊಲೇಟಿಗೆ ಒಂದು ಧೈರ್ಯ ಬರುತ್ತೆ. ಮೊಟ್ಟೆ ಬೇರೆ ಬಟ್ಟಲಲ್ಲಿ ಸಕ್ಕರೆ ಜೊತೆ ಕಡೆದು, ಅದಕ್ಕೆ ಬಿಸಿ ಮಿಶ್ರಣ ಸೌಟು ಸೌಟಾಗಿ, ಒಂದೇ ಸಲ ಸುರಿದ್ರೆ ಎಗ್ ಬುರ್ಜಿ ಆಗುತ್ತೆ.

ಬ್ರೆಡ್ ಮೇಲೆ ಸುರಿದ ಮೇಲೆ ನೆನೆಯೋಕೆ ಟೈಮ್ ಕೊಡಿ, ಕಮ್ಮಿ ಅಂದ್ರೆ ಅರ್ಧ ಗಂಟೆ, ರಾತ್ರಿಯಿಡೀ ಫ್ರಿಜ್ಜಲ್ಲಿಟ್ರೆ ಇನ್ನೂ ಒಳ್ಳೇದು. ತುಂಡುಗಳು ತೇಲ್ತವೆ, ಮೇಲೆ ಒಂದು ಸಣ್ಣ ಪ್ಲೇಟ್ ಅದುಮಿಡಿ, ಹತ್ತು ನಿಮಿಷ ಬಿಟ್ಟು ಒಂದು ತುಂಡು ಮುರಿದು ನೋಡಿ, ಒಳಗೆ ಬಿಳಿ ಕಂಡ್ರೆ ಇನ್ನೂ ಕಾಯಿರಿ. ಓಟಿಜಿಗೆ ಇಡುವಾಗ ದೊಡ್ಡ ಟ್ರೇಲಿ ಬಿಸಿ ನೀರು, ಅದ್ರೊಳಗೆ ಪುಡ್ಡಿಂಗ್ ಪಾತ್ರೆ, ನೀರು ಪಾತ್ರೆ ಅರ್ಧದವರೆಗೆ. 160 ಡಿಗ್ರಿ, 40ರಿಂದ 45 ನಿಮಿಷ. ಫಸ್ಟ್ ಟೈಮ್ ನೀರಿಲ್ಲದೆ 180ರಲ್ಲಿಟ್ಟು ಅಂಚೆಲ್ಲಾ ಒಡೆದ ಹಾಲಿನ ಹಾಗೆ ಆಗಿ ನೀರು ಬಿಟ್ಟಿತ್ತು, ಆ ತಪ್ಪು ಸ್ಲ್ಯಾಬಿಂದಲ್ಲ, ನಂದು. ಹಾಲು ಮೊಟ್ಟೆ ಸೇರಿ ಗಟ್ಟಿಯಾಗೋದು 80 ಡಿಗ್ರಿ ದಾಟಿದ ಮೇಲೆ, 90ರ ಹತ್ತಿರ ಹೋದ್ರೆ ಮೊಟ್ಟೆ ಬಿಗಿದು ಒಡೆಯುತ್ತೆ, ಸುತ್ತ ನೀರಿದ್ರೆ ಆ ಬಿಸಿ ನಿಧಾನಕ್ಕೆ ಏರುತ್ತೆ. ಪಾತ್ರೆ ಅಲ್ಲಾಡಿಸಿದ್ರೆ ಅಂಚು ನಿಂತಿರ್ಬೇಕು, ನಡುಮಧ್ಯ ಮಾತ್ರ ಗಿಣ್ಣು ಥರ ನಡುಗ್ಬೇಕು, ಆಗ ತೆಗೀರಿ, ಹೊರಗೆ ಕೂತು ಉಳಿದದ್ದು ತಾನೇ ಬೇಯುತ್ತೆ.

ಅಮುಲಿಂದು ತಣ್ಣಗಾದ ಮೇಲೆ ತಿಂದು ನೋಡಿದೆ, ಟೆಸ್ಟೇ ಅದಲ್ವಾ. ಸ್ಪೂನ್ ಇಳಿಯುವಾಗ್ಲೇ ಗೊತ್ತಾಯ್ತು, ಮೇಲೆ ತೆಳು ಗರಿ ಒಡೆದು ಒಳಗೆ ಮೆತ್ತಗೆ ಹೋಯ್ತು, ಬಾಯಲ್ಲಿ ಮೊದಲು ತಣ್ಣಗೆ, ಆಮೇಲೆ ಕರಗಿ ಕಹಿ ಸಿಹಿ ಎರಡೂ ಒಟ್ಟಿಗೆ, ಆಮೇಲೆ ಏನೂ ಇಲ್ಲ, ಬಾಯಿ ಕ್ಲೀನ್. ಬಿಸಿ ನೀರಿಗೆ ಯಾರೂ ಎದ್ದು ಹೋಗ್ಲಿಲ್ಲ.

ಅತ್ತೆ ಮೊಟ್ಟೆ ತಿನ್ನಲ್ಲ, ಅವ್ರಿಗೆ ಸಣ್ಣ ಬಟ್ಟಲಲ್ಲಿ ಬೇರೆ ಮಾಡಿದೆ, ಮೊಟ್ಟೆ ಬದ್ಲು ಕಸ್ಟರ್ಡ್ ಪೌಡರ್, ಕಾಲು ಲೀಟರ್ ಹಾಲಿಗೆ ಒಂದೂವರೆ ದೊಡ್ಡ ಸ್ಪೂನು, ತಣ್ಣಗಿನ ಹಾಲಲ್ಲಿ ಕಲಸಿ ಕುದಿಸಿ ದಪ್ಪ ಆದ್ಮೇಲೆ ಚಾಕೊಲೇಟು. ಕಸ್ಟರ್ಡ್ ಪೌಡರ್ ಹುಟ್ಟಿದ್ದೇ ಹೀಗಂತೆ, 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಅನ್ನೋನು ಮೊಟ್ಟೆ ಒಗ್ಗದ ಹೆಂಡತಿಗೋಸ್ಕರ ಕಾರ್ನ್‌ಫ್ಲೋರಲ್ಲಿ ಮಾಡಿದ್ದು. ಅತ್ತೆಗೆ ಈ ಕಥೆ ಭಾರೀ ಇಷ್ಟ ಆಗಿ ಮಗನ ಕಡೆ ನೋಡಿ, ನೋಡೋ ಗಂಡ ಅಂದ್ರೆ ಹಾಗಿರ್ಬೇಕು ಅಂದ್ರು. ಟೆಕ್ಸ್ಚರ್ ಮೊಟ್ಟೆದಷ್ಟು ರೇಷ್ಮೆ ಅಲ್ಲ, ಹಲ್ವಾ ಕಡೆ ಸ್ವಲ್ಪ ವಾಲುತ್ತೆ, ಆದ್ರೆ ಅವ್ರ ಬಟ್ಟಲೇ ಮೊದಲು ಖಾಲಿ ಆಗಿದ್ದು.

ದುಡ್ಡಿನ ಮಾತು. ನಿಜ, ಗ್ರಾಂ ಲೆಕ್ಕದಲ್ಲಿ ಕಾಂಪೌಂಡು ಅಗ್ಗ, ಅದ್ರಲ್ಲೂ ಘಾನಾ, ಐವರಿ ಕೋಸ್ಟ್ ಕಡೆ ಬೆಳೆ ಕೈಕೊಟ್ಟು 2024ರ ಡಿಸೆಂಬರಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿದಾಗ ನಿಜವಾದ ಚಾಕೊಲೇಟ್ ಎಲ್ಲಾ ಕಡೆ ದುಬಾರಿ ಆಯ್ತು (ಊರಲ್ಲಿ ಮಾವ ಮಾತ್ರ ಆ ವರ್ಷ ಫೋನ್ ಮಾಡಿದಾಗೆಲ್ಲಾ ಖುಷಿಯಾಗೇ ಇದ್ರು). ಆದ್ರೆ ಪುಡ್ಡಿಂಗಿಗೆ ಬೇಕಾಗೋದು ಒಂದು ಬಾರು, ಎಂಟು ಜನ ತಿಂತಾರೆ. ಹಾಲು ಕ್ರೀಮು ಮೊಟ್ಟೆಗೆ ಖರ್ಚು ಮಾಡಿ ಚಾಕೊಲೇಟಲ್ಲಿ ಜುಗ್ಗತನ ಮಾಡೋದು ಯಾಕೆ ಅಂತ.

ಹಾಗಂತ ಕಾಂಪೌಂಡ್ ಕಸ ಅಂತಲ್ಲ. ಅಚ್ಚಿಗೆ ಹೊಯ್ದು ಚಾಕೊಲೇಟ್ ಮಾಡೋಕೆ, ಕೇಕ್ ಮೇಲೆ ಹಾಕೋಕೆ, ಬಿಸ್ಕೆಟ್ ಅದ್ದೋಕೆ ಇದೇ ಬೆಸ್ಟು, ಕರಗಿಸಿ ಅದ್ದಿ ಇಟ್ರೆ ಮುಗೀತು, ಟೆಂಪರಿಂಗ್ ಅಂತ ಬಿಸಿ ಏರಿಸಿ ಇಳಿಸಿ ಥರ್ಮಾಮೀಟರ್ ಹಿಡ್ಕೊಂಡು ಕೂರೋ ಕೆಲ್ಸ ಇಲ್ಲ, ಬೆಂಗಳೂರ ಬೇಸಿಗೇಲೂ ಹೊಳಪು ನಿಲ್ಲುತ್ತೆ. ಆ ಕೆಲಸಕ್ಕೆ ನಾಲ್ಕು ಸ್ಟಾರ್ ಕೊಡ್ತಿದ್ದೆ. ಆದ್ರೆ ಪ್ಯಾಕೆಟ್ ಹಿಂದೆ ಅವ್ರೇ ಪುಡ್ಡಿಂಗ್, ಮೂಸ್ ಮಾಡಿ ಅಂತ ಫೋಟೋ ಹಾಕಿದಾರೆ, ಅದಕ್ಕೇ ಎರಡು.

ಇನ್ನೂ 200 ಗ್ರಾಂ ಮಿಕ್ಕಿತ್ತು. ನಿನ್ನೆ ಹುರಿದ ಶೇಂಗಾ ಹಾಕಿ ಕಲಸಿ ಬಟರ್ ಪೇಪರ್ ಮೇಲೆ ಸ್ಪೂನಲ್ಲಿ ಗುಡ್ಡೆ ಗುಡ್ಡೆ ಇಟ್ಟೆ, ಮಗಳು ಸ್ಕೂಲಿಗೆ ಡಬ್ಬಿ ತುಂಬಾ ಒಯ್ದು ಖಾಲಿ ಡಬ್ಬಿ ತಂದ್ಲು, ಸೊಟ್ಟ ಆಗಿದ್ದ ಆ ಮೂಲೆನೂ ಅದ್ರಲ್ಲೇ ಹೋಯ್ತು.